ಎರಡು ಸ್ಟಾರ್, ಅದೂ ವಿಡಿಯೋ ಚೆನ್ನಾಗಿ ಬಂತು ಅಂತ

ಆಪ್‌ನ ಹೆಸರು ಬರೆಯುವುದಿಲ್ಲ. ನನ್ನ ಗಂಡನ ಕಂಪನಿ ಇನ್ಶೂರೆನ್ಸ್ ಜೊತೆ ಬರುವ ಆನ್‌ಲೈನ್ ಕೌನ್ಸೆಲಿಂಗ್ ಆಪ್. ಟೆಕ್ಸಸ್‌ನ ಡಲ್ಲಾಸ್ ಸುತ್ತಮುತ್ತ ಇರುವ ನಮ್ಮವರಲ್ಲಿ ಎಷ್ಟೋ ಜನರಿಗೆ ಇಂಥದ್ದೊಂದು ಪುಕ್ಕಟೆ ಸಿಕ್ಕಿರುತ್ತದೆ, ಯಾರೂ ತೆರೆದು ನೋಡಿರುವುದಿಲ್ಲ ಅಷ್ಟೇ. ನಾನು ಏಳು ತಿಂಗಳು ಬಳಸಿದೆ. ಒಂದು ಸೆಷನ್‌ಗೆ ನಮ್ಮ ಕೈಯಿಂದ 30 ಡಾಲರ್.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಸೇರಿದ ಎರಡೇ ದಿನಕ್ಕೆ ಥೆರಪಿಸ್ಟ್ ಸಿಕ್ಕರು. ಎದುರು ಕೂತು ಮಾತಾಡುವವರು ಬೇಕು ಅಂದರೆ ಏಳು ವಾರ ಕಾಯಿರಿ ಅಂದಿದ್ದರು. ವಿಡಿಯೋ ಒಂದು ಸಲವೂ ಕಟ್ ಆಗಲಿಲ್ಲ, ಅದೂ ನಾನು ಕೂರುತ್ತಿದ್ದದ್ದು ಅಂಗಡಿಯ ಪಾರ್ಕಿಂಗ್‌ನಲ್ಲಿ, ಕಾರಿನೊಳಗೆ. ಮನೆಯಲ್ಲಿ ಮೊದಲು ಅಮ್ಮ ಇದ್ದರು, ಅವರ ಆರು ತಿಂಗಳ ವೀಸಾ ಮುಗಿದ ಮೇಲೆ ಪಾಳಿ ಬದಲಾದ ಹಾಗೆ ಅತ್ತೆ ಬಂದರು. "ಹಾಲು ತರ್ತೀನಿ" ಅಂತ ಹೇಳಿ ಹೊರಡುತ್ತಿದ್ದೆ. ಹಾಗಾಗಿ ಪ್ರತಿ ಬುಧವಾರ ಒಂದು ಗ್ಯಾಲನ್ ಹಾಲು ತರಲೇಬೇಕು. "ಇಷ್ಟು ಹಾಲು ಯಾರು ಕುಡೀತಾರಮ್ಮಾ" ಅಂತ ಅತ್ತೆ ಪಾತ್ರೆ ತುಂಬ ಹೆಪ್ಪು ಹಾಕುವರು, ಆಮೇಲೆ ವಾರವಿಡೀ ಮಜ್ಜಿಗೆಹುಳಿ.

ಪ್ರತಿ ಸೆಷನ್‌ಗೂ ಮುಂಚೆ ಒಂಬತ್ತು ಪ್ರಶ್ನೆ ಬರುತ್ತವೆ. ಖಿನ್ನತೆ ಎಷ್ಟಿದೆ ಅಂತ ನೋಡಲು ಎಲ್ಲ ಕಡೆ ಬಳಸುವ ಪಿಎಚ್‌ಕ್ಯೂ-9 ಅನ್ನುವ ಪಟ್ಟಿ ಅದು. ಎರಡು ವಾರದಿಂದ ನಿದ್ದೆ ಹೇಗಿದೆ, ಊಟ ಸೇರುತ್ತಿದೆಯಾ, ಯಾವುದರಲ್ಲಾದರೂ ಮನಸ್ಸು ನಿಲ್ಲುತ್ತದಾ, ಹೀಗೆ. ಒಂದೊಂದಕ್ಕೆ ಸೊನ್ನೆಯಿಂದ ಮೂರು, ಒಟ್ಟು 27. ಒಂಬತ್ತನೆಯದು, ಸತ್ತರೇ ಮೇಲು ಅಂತ ಅನ್ನಿಸಿದ್ದುಂಟಾ ಅನ್ನುವುದು. ಅದಕ್ಕೆ ಸೊನ್ನೆ ಬಿಟ್ಟು ಏನೇ ಒತ್ತಿದರೂ ಪರದೆ ತುಂಬ 988 ಸಹಾಯವಾಣಿ ನಂಬರ್ ಬರುತ್ತದೆ. ಮಗಳು ಹುಟ್ಟಿ ಮೂರು ತಿಂಗಳಾದಾಗ ಒಂದು ರಾತ್ರಿ 2 ಒತ್ತಿದ್ದೆ. ಹನ್ನೊಂದು ನಿಮಿಷಕ್ಕೆ ಆಪ್‌ನವರ ಫೋನ್ ಬಂತು, ಮುಕ್ಕಾಲು ಗಂಟೆ ಮಾತಾಡಿದರು, ಮರುದಿನವೇ ಡಾಕ್ಟರನ್ನು ತೋರಿಸಿ ಮಾತ್ರೆ ಶುರುವಾಯಿತು. ಆ ವಾರ ಈ ರಿವ್ಯೂ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ.

ಮಗಳಿಗೆ ಎಂಟು ತಿಂಗಳಾದಾಗ ಮತ್ತೆ ಬಸಿರಾದೆ. ಇನ್ನೂ ಎದೆಹಾಲು ಕುಡಿಸುತ್ತಿದ್ದೆ, ಮುಟ್ಟು ಸರಿಯಾಗಿ ಶುರುವೇ ಆಗಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಏಳು ವಾರ.

ಇಲ್ಲಿನ ಕಾನೂನು ಗೊತ್ತಿಲ್ಲದವರಿಗೆ ಎರಡು ಮಾತು. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದಲೇ ಸುಮಾರು ಆರು ವಾರ ದಾಟಿದರೆ ಗರ್ಭಪಾತ ಇಲ್ಲ, ನೆರವಾದವರ ಮೇಲೆ ದಾರಿಹೋಕರೂ ಕೇಸ್ ಹಾಕಿ ಕನಿಷ್ಠ 10,000 ಡಾಲರ್ ಕೇಳಬಹುದು. 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್, ಇಡೀ ದೇಶಕ್ಕೆ ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ರೋ ತೀರ್ಪನ್ನು ರದ್ದು ಮಾಡಿತು, ಆಗಸ್ಟ್ 25ರಿಂದ ಇಲ್ಲಿ ಹೆಚ್ಚುಕಮ್ಮಿ ಪೂರ್ತಿ ಬಂದ್. ಮಾಡಿದ ಡಾಕ್ಟರಿಗೆ ಜೀವಾವಧಿವರೆಗೂ ಜೈಲು ಆಗಬಹುದು. ತಾಯಿಯ ಜೀವಕ್ಕೆ ಅಪಾಯ ಇದ್ದರೆ ವಿನಾಯಿತಿ ಇದೆ, ಆದರೆ ಅದು ದೇಹದ ಅಪಾಯವೇ ಆಗಿರಬೇಕು. ಹೆಂಗಸು ತನಗೆ ತಾನೇ ಏನಾದರೂ ಮಾಡಿಕೊಂಡು ಸಾಯಬಹುದು ಅನ್ನುವ ಅಪಾಯ ಲೆಕ್ಕಕ್ಕಿಲ್ಲ ಅಂತ ಕಾನೂನಿನಲ್ಲೇ ಬಿಡಿಸಿ ಬರೆದಿದ್ದಾರೆ. ಅಂದರೆ ಆಪ್ ಅಷ್ಟು ಗಾಬರಿಬಿದ್ದು ಫೋನ್ ಮಾಡುತ್ತದಲ್ಲ ಆ ಒಂಬತ್ತನೇ ಪ್ರಶ್ನೆ, ಅದಕ್ಕೆ ನಾನು ದಿನಾ 3 ಒತ್ತಿದರೂ ಇಲ್ಲಿನ ಡಾಕ್ಟರ್ ಅದನ್ನು ಕಾರಣ ಅಂತ ಬರೆಯುವಂತಿಲ್ಲ. ಇದೇ ದೇಶದ ಆರೋಗ್ಯ ಸಂಸ್ಥೆ ಸಿಡಿಸಿ 2017ರಿಂದ 2019ರವರೆಗಿನ ಬಸಿರು ಬಾಣಂತನದ ಸಾವುಗಳ ಕಾರಣ ಹುಡುಕಿದಾಗ ಮೊದಲ ಸ್ಥಾನದಲ್ಲಿ ಇದ್ದದ್ದು ಮಾನಸಿಕ ಕಾಯಿಲೆಗಳು, ನೂರಕ್ಕೆ ಸುಮಾರು 23.

ಸರಿ, ಆ ಬುಧವಾರದ ಸೆಷನ್. ನಾನು ವಿಷಯ ಹೇಳಿದೆ, ಇನ್ನೊಂದು ಬಾಣಂತನ ನನ್ನ ಕೈಲಿ ಆಗಲ್ಲ, ಹೋದ ಸಲದ್ದು ನಿಮಗೇ ಗೊತ್ತಲ್ಲ ಅಂದೆ. ಥೆರಪಿಸ್ಟ್ ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೈಪ್ ಮಾಡುತ್ತಿದ್ದ ಅವರ ಕೈ ನಿಂತಿತು. ಕೀಬೋರ್ಡ್ ಸದ್ದು ನಿಂತದ್ದು ಕಾರಿನಲ್ಲಿ ನನಗೆ ಕೇಳಿಸಿತು. "ಇದನ್ನು ನಾನು ನೋಟ್ಸ್‌ನಲ್ಲಿ ಬರೆಯುವುದು ಬೇಡ ಅಲ್ವಾ?" ಅಂದರು. ಆಮೇಲೆ ಉಸಿರಾಟದ ವ್ಯಾಯಾಮ ಮಾಡಿಸಿದರು. ಏನು ಮಾಡಲಿ ಅಂತ ನಾನು ಕೇಳಿದ ಪ್ರತಿ ಸಲವೂ ನಿಮಗೆ ಏನನ್ನಿಸುತ್ತದೆ ಅಂತ ನನ್ನನ್ನೇ ಕೇಳಿದರು. ಬೇರೆ ರಾಜ್ಯಕ್ಕೆ ಹೋಗುವುದು ಅಪರಾಧವಲ್ಲ, ಹೋದ ಹೆಂಗಸನ್ನು ಜೈಲಿಗೆ ಹಾಕುವ ಕಾನೂನೂ ಇಲ್ಲ. ಅವರಿಗೂ ಅದು ಗೊತ್ತಿತ್ತು. ಆದರೂ ಲೈಸೆನ್ಸ್ ಇರುವವರಿಗೆ ಹೆದರಿಕೆ ಹಾಗೇ ಇರುತ್ತದೆ. ನನಗೆ ಜಾಸ್ತಿ ನೋವಾದದ್ದು ಅವರ ಹೆದರಿಕೆಯಿಂದಲ್ಲ. ಆ ಇಡೀ ಊರಿನಲ್ಲಿ ನಾನು ಬಾಯಿಬಿಟ್ಟು ಮಾತಾಡುತ್ತಿದ್ದ ಜಾಗ ಅದೊಂದೇ, ಅಲ್ಲೂ ದನಿ ತಗ್ಗಿಸಬೇಕಾಯಿತಲ್ಲ ಅಂತ.

ಹಾಸನದಿಂದ ಅಕ್ಕ, "ಸುಮ್ನೆ ಇಲ್ಲಿಗೆ ಬಂದ್ಬಿಡೇ, ಒಂದು ವಾರದ ಕೆಲಸ" ಅಂದಳು. ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಾಂಪ್ ಮುಗಿದಿತ್ತು. ಹೋದರೆ ವಾಪಸ್ ಬರುವುದು ಯಾವಾಗಲೋ.

ವಿಚಿಟಾಗೆ ಹೋದೆವು, ಕ್ಯಾನ್ಸಸ್. ಡಲ್ಲಾಸ್‌ನಿಂದ ಐ-35 ಹಿಡಿದರೆ ಒಕ್ಲಹೋಮ ದಾಟಿ ನೆಟ್ಟಗೆ ಐದೂವರೆ ಗಂಟೆ, ಹಿಂದಿನ ಸೀಟಿನಲ್ಲಿ ಮಗಳು. ಕ್ಯಾನ್ಸಸ್‌ನವರು 2022ರ ಆಗಸ್ಟ್‌ನಲ್ಲಿ ವೋಟ್ ಹಾಕಿ ಗರ್ಭಪಾತದ ಹಕ್ಕನ್ನು ಉಳಿಸಿಕೊಂಡರು. ಕ್ಲಿನಿಕ್ ಪಾರ್ಕಿಂಗ್‌ನಲ್ಲಿ ಟೆಕ್ಸಸ್ ನಂಬರ್ ಪ್ಲೇಟ್‌ಗಳೇ ಸಾಲಾಗಿ ನಿಂತಿದ್ದವು. ಸಂಜೆ ಮೋಟೆಲ್‌ನಲ್ಲಿ ನನ್ನ ಮಾಮೂಲಿ ಸೆಷನ್ ಟೈಮ್. ಆಪ್ ತೆರೆದರೆ, ಪ್ರತಿ ಸಲ ಕೇಳುವ ಹಾಗೆ, ಈಗ ನೀವು ಯಾವ ರಾಜ್ಯದಲ್ಲಿದ್ದೀರಿ ಅಂತ ಕೇಳಿತು. ನಾವು ಕೂತಿರುವ ರಾಜ್ಯದಲ್ಲಿ ಥೆರಪಿಸ್ಟ್‌ಗೆ ಲೈಸೆನ್ಸ್ ಇರಬೇಕು, ಅದು ನಿಯಮ. ಟೆಕ್ಸಸ್ ಅಂತ ಸುಳ್ಳು ಒತ್ತಬಹುದಿತ್ತು. ಒತ್ತಲು ಮನಸ್ಸು ಬರಲಿಲ್ಲ, ಕ್ಯಾನ್ಸಸ್ ಒತ್ತಲೂ ಭಯ, ಅದೊಂದು ದಾಖಲೆ ಉಳಿದುಬಿಡುತ್ತಲ್ಲ ಅಂತ. ಕೊನೆಗೆ ನಿಜವನ್ನೇ ಒತ್ತಿದೆ. ಸೆಷನ್ ರದ್ದಾಯಿತು. ಕೊನೇ ಗಳಿಗೆಯಲ್ಲಿ ರದ್ದು ಮಾಡಿದ್ದೀರಿ ಅಂತ 65 ಡಾಲರ್ ದಂಡ ಬೇರೆ ಹಾಕಿದರು! ಏಳು ತಿಂಗಳಲ್ಲಿ ನನಗೆ ಅವರು ನಿಜವಾಗಿ ಬೇಕಾಗಿದ್ದದ್ದು ಆ ಒಂದು ಸಂಜೆ.

ಆ ರಾತ್ರಿ ಕೈಹಿಡಿದದ್ದು ಸರ್ಕಾರದ್ದೇ ಒಂದು ನಂಬರ್, ಇದನ್ನು ಬರೆದಿಟ್ಟುಕೊಳ್ಳಿ: 1-833-852-6262. ಬಸುರಿಯರಿಗೆ, ಬಾಣಂತಿಯರಿಗೆ ಅಂತಲೇ 2022ರಲ್ಲಿ ಶುರುವಾದದ್ದು. ಪುಕ್ಕಟೆ, 24 ಗಂಟೆ, ಮೆಸೇಜ್ ಕೂಡ ಮಾಡಬಹುದು, ಯಾವ ರಾಜ್ಯದಲ್ಲಿ ಇದ್ದರೂ ಆಗುತ್ತದೆ. ಮಗಳು ಮಲಗಿದ್ದಳು ಅಂತ ಬಾತ್‌ರೂಮಿನಲ್ಲಿ ಕೂತು ಮೆಸೇಜ್ ಮಾಡಿದೆ. ಆ ಕಡೆ ಇದ್ದವರು ಕಾನೂನಿನ ಮಾತೇ ಎತ್ತಲಿಲ್ಲ, ನೀರು ಕುಡಿದಿರಾ, ಜೊತೆಯಲ್ಲಿ ಯಾರಿದ್ದಾರೆ ಅಂತ ಕೇಳಿದರು. ಇದಕ್ಕೆ ಐದು ಸ್ಟಾರ್. ಕನ್ನಡದಲ್ಲೇ ಮಾತಾಡಬೇಕು ಅನ್ನುವ ಹಂಬಲಕ್ಕೆ ಆಮೇಲೆ ಬೆಂಗಳೂರಿನ ಕೌನ್ಸೆಲರ್ ಒಬ್ಬರನ್ನು ಹುಡುಕಿಕೊಂಡೆ, ಇನ್ಶೂರೆನ್ಸ್ ಒಂದು ಪೈಸೆ ಕೊಡಲ್ಲ. ನಮ್ಮ ರಾತ್ರಿ ಎಂಟೂವರೆ ಅವರಿಗೆ ಬೆಳಗ್ಗೆ ಏಳು, ಹಿಂದುಗಡೆ ಕುಕ್ಕರ್ ಕೂಗುವುದು ಕೇಳಿಸುತ್ತದೆ. ಆ ಸದ್ದಿಗೇ ನನಗೆ ಅರ್ಧ ಸಮಾಧಾನ.

ಗರ್ಭ ತೆಗೆಸಿದರೆ ಮನಸ್ಸು ಕೆಡುತ್ತದೆ ಅಂತ ಹೇಳುವವರು ಜಾಸ್ತಿ, ನಮ್ಮ ವಾಟ್ಸಾಪ್ ಗುಂಪಿನಲ್ಲೂ ಇದ್ದಾರೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡಯಾನಾ ಗ್ರೀನ್ ಫಾಸ್ಟರ್ ಮತ್ತವರ ತಂಡ ಗರ್ಭಪಾತ ಕೇಳಿಕೊಂಡು ಕ್ಲಿನಿಕ್‌ಗೆ ಬಂದ ಸುಮಾರು ಸಾವಿರ ಹೆಂಗಸರನ್ನು ಐದು ವರ್ಷ ಬಿಡದೆ ಮಾತಾಡಿಸಿ ನೋಡಿದೆ. ಶುರುವಿನಲ್ಲಿ ಆತಂಕ ಜಾಸ್ತಿ ಇದ್ದದ್ದು ಕ್ಲಿನಿಕ್‌ನಿಂದ ವಾಪಸ್ ಕಳಿಸಿದವರಿಗೆ, ಮಾಡಿಸಿಕೊಂಡವರಿಗಲ್ಲ. ಮಾಡಿಸಿಕೊಂಡವರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಮಾಡಿದ್ದು ಸರಿ ಅಂದರು. ಇನ್ನೊಂದು ವಿಷಯ, ಬೈಪೋಲಾರ್ ಅನ್ನುವ ಮಾನಸಿಕ ಕಾಯಿಲೆಗೆ ವಾಲ್‌ಪ್ರೋಯೇಟ್ ತೆಗೆದುಕೊಳ್ಳುವವರು ಇದ್ದರೆ ಡಾಕ್ಟರ್ ಹತ್ತಿರ ಈಗಲೇ ಮಾತಾಡಿ. ಅದು ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿಗೆ ತೊಂದರೆ ಮಾಡುವ ಮಾತ್ರೆ, ಮೊದಲೂ ಮಾಡುತ್ತಿತ್ತು. ಅಕಸ್ಮಾತ್ ಬಸಿರಾದರೆ ಈಗ ಇಲ್ಲಿ ದಾರಿಯಿಲ್ಲ. ಹಾಗಂತ ನೀವಾಗೇ ನಿಲ್ಲಿಸಬೇಡಿ.

ನಮ್ಮ ದೇಶದಲ್ಲಿ 1971ರ ಗರ್ಭಪಾತದ ಕಾನೂನಿನಲ್ಲೇ ಮಾನಸಿಕ ಆರೋಗ್ಯ ಅನ್ನುವ ಮಾತು ಇದೆ ಅಂತ ಅಕ್ಕನಿಗೆ ಹೆಮ್ಮೆಯಿಂದ ಹೇಳಿದೆ. ಆಮೇಲೆ 2023ರ ಅಕ್ಟೋಬರ್‌ನ ಕೇಸ್ ನೆನಪಾಯಿತು. ಎರಡು ಮಕ್ಕಳ ತಾಯಿ, ಬಾಣಂತಿ ಸನ್ನಿಗೆ ಮಾತ್ರೆ ನುಂಗುತ್ತಿದ್ದವಳು, ನನ್ನ ಹಾಗೆಯೇ ಹಾಲುಣಿಸುತ್ತ ಬಸಿರಾದದ್ದು ಗೊತ್ತಾಗದೆ 26 ವಾರಕ್ಕೆ ಗರ್ಭಪಾತದ ಅನುಮತಿ ಕೇಳಿ ದಿಲ್ಲಿಯ ಸುಪ್ರೀಂ ಕೋರ್ಟಿಗೆ ಹೋಗಿದ್ದಳು. ಇಬ್ಬರು ಜಡ್ಜ್‌ಗಳಿಗೆ ಒಮ್ಮತ ಬರಲಿಲ್ಲ. ಅವಳ ನಿರ್ಧಾರಕ್ಕೆ ಬೆಲೆ ಕೊಡಬೇಕು ಅಂದವರು ನಮ್ಮ ಕನ್ನಡದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅಕ್ಟೋಬರ್ 16ಕ್ಕೆ ಮೂವರ ಪೀಠ ಬೇಡ ಅಂದಿತು. ಹೆಮ್ಮೆ ಅಲ್ಲಿಗೆ ನಿಲ್ಲಿಸಿದೆ.

ವಿಚಿಟಾದಿಂದ ಬಂದ ದಿನ ಅತ್ತೆ ಬಿಸಿ ಅನ್ನ ಸಾರು ಬಡಿಸಿ, "ಈ ವಾರ ಹಾಲೇ ತರಲಿಲ್ಲ" ಅಂದರು. ಹೂಂ ಅಂದೆ. ಇನ್ನೊಂದು ಚಮಚ ತುಪ್ಪ ಹಾಕಿದರು.

ಆಪ್ ಬಿಡುವವರಿಗೆ: ಸೆಟ್ಟಿಂಗ್ಸ್‌ನಲ್ಲಿ ಹುಡುಕಬೇಡಿ, ಚಾಟ್‌ನಲ್ಲೇ ಕೇಳಿ, ನಿಮ್ಮ ದಾಖಲೆ ಏನೇನಿದೆ ಅಂತ ಒಂದು ಕಾಪಿ ಮೊದಲೇ ತರಿಸಿಕೊಳ್ಳಿ. ನನ್ನದರಲ್ಲಿ ಆ ಬುಧವಾರದ ಎದುರು ಉಸಿರಾಟದ ವ್ಯಾಯಾಮ ಅಂತ ಮಾತ್ರ ಇದೆ. 65 ಡಾಲರ್ ಮೂರು ಸಲ ಬರೆದ ಮೇಲೆ ವಾಪಸ್ ಬಂತು.