ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ: ಬುಕ್ ಮಾಡೋ ಮುಂಚೆ ಒಮ್ಮೆ ಓದಿ

ನಾನು, ಹೆಂಡತಿ, ಹತ್ತು ವರ್ಷದ ಮಗ, ಮಂಡಿನೋವಿನ ಅಮ್ಮ. ನಾಲ್ಕು ಜನ ಫೆಬ್ರವರಿಯಲ್ಲಿ ಲಕ್ಷದ್ವೀಪದ 'ಸಮುದ್ರಂ' ಪ್ಯಾಕೇಜಿನಲ್ಲಿ ಹೋಗಿ ಬಂದೆವು. ಐದು ದಿನ, ಮೂರು ದ್ವೀಪ: ಕವರತ್ತಿ, ಕಲ್ಪೇನಿ, ಮಿನಿಕಾಯ್. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಕ್ರೂಸ್ ಅಂದ್ರೆ ಈಜುಕೊಳ, ಕ್ಯಾಸಿನೊ, ಡ್ಯಾನ್ಸು ಅಂದುಕೊಂಡಿದ್ದರೆ ಬೇರೆ ಕಡೆ ನೋಡಿ. ಎಂ.ವಿ. ಕವರತ್ತಿ ಸುಮಾರು 700 ಜನ ಹಿಡಿಯುವ ಹಡಗು, ದ್ವೀಪದವರು ಊರಿಗೆ ಹೋಗೋದೂ ಇದರಲ್ಲೇ. ನಮಗಂತೂ ಅದೇ ಇಷ್ಟವಾಯಿತು.

ಮೊದಲು ಬುಕಿಂಗ್ ಕಥೆ. ಇದನ್ನು ನಡೆಸುವುದು ಲಕ್ಷದ್ವೀಪ ಆಡಳಿತದ 'ಸ್ಪೋರ್ಟ್ಸ್' ಸಂಸ್ಥೆ. ನೇರ ಅವರ ಹತ್ತಿರವೇ ಮಾಡಬಹುದಿತ್ತು, ಸೋಮಾರಿತನಕ್ಕೆ ಬೆಂಗಳೂರಿನ ಒಬ್ಬ ಏಜೆಂಟ್ ಕೈಗೆ ಕೊಟ್ಟೆ. ಡೈಮಂಡ್ ಕ್ಲಾಸ್ ಅಂದ್ರೆ ಇಬ್ಬರ ಕ್ಯಾಬಿನ್, ಗೋಲ್ಡ್ ಅಂದ್ರೆ ನಾಲ್ವರದ್ದು. ಎರಡು ಡೈಮಂಡ್‌ಗೆ ದುಡ್ಡು ತಗೊಂಡ ಪುಣ್ಯಾತ್ಮ ಮಾಡಿಸಿದ್ದು ಒಂದು ಗೋಲ್ಡ್. ಅದು ಗೊತ್ತಾಗಿದ್ದು ಕೊಚ್ಚಿಯಲ್ಲಿ, ಬ್ಯಾಗ್ ಸ್ಕ್ಯಾನ್ ಆದ ಮೇಲೆ. ಫೋನ್ ಮಾಡಿದರೆ "ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ, ಬಂದ್ಮೇಲೆ ಸೆಟ್ಲ್ ಮಾಡೋಣ" ಅಂದ. ಮಗನಿಗೆ ಮೇಲಿನ ಬರ್ತ್ ಸಿಕ್ಕಿತು ಅಂತ ಕುಣಿದಾಟ, ನನಗೆ ಹೊಟ್ಟೆಯುರಿ. ದುಡ್ಡು ಕಟ್ಟೋ ಮುಂಚೆಯೇ ಕ್ಯಾಬಿನ್ ಯಾವ ಕ್ಲಾಸ್ ಅಂತ ಬರಹದಲ್ಲಿ ಕೇಳಿ ತಗೊಳ್ಳಿ.

ಇನ್ನು ಪರ್ಮಿಟ್. ನಮ್ಮದೇ ದೇಶ ಆದರೂ ಲಕ್ಷದ್ವೀಪಕ್ಕೆ ಹೋಗೋಕೆ ಪ್ರವೇಶ ಪರವಾನಗಿ ಬೇಕು, 1967ರ ನಿಯಮ. ನಮ್ಮಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟೂ ಕೇಳಿದರು, ಅದಕ್ಕೇ ಠಾಣೆಗೆ ಎರಡು ಸಲ ಅಲೆದೆ. ರಜೆ ಹಾಕೋ ಮುಂಚೆ ಈ ಕೆಲಸ ಶುರು ಮಾಡಿ. ಮಳೆಗಾಲದಲ್ಲಿ ಸಮುದ್ರ ರೌದ್ರ, ಅಕ್ಟೋಬರ್ ಕಳೆದ ಮೇಲಿನ ತಿಂಗಳುಗಳೇ ವಾಸಿ.

ಇಡೀ ಪ್ರವಾಸದಲ್ಲಿ ಯಾರೂ ಮುಂಚೆ ಹೇಳದ ವಿಷಯ ಒಂದಿದೆ. ದ್ವೀಪದ ಸುತ್ತ ಹವಳದ ದಿಬ್ಬ, ಒಳಗೆ ಆಳವಿಲ್ಲದ ನೀರು. ಹಾಗಾಗಿ ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತದೆ, ಅದರ ಪಕ್ಕದ ಬಾಗಿಲಿಂದ ಸಣ್ಣ ದೋಣಿಗೆ ಇಳಿಯಬೇಕು. ದೋಣಿ ಒಂದು ಕ್ಷಣ ಕಾಲಿನ ಮಟ್ಟಕ್ಕೆ ಏಳುತ್ತದೆ, ಇನ್ನೊಂದು ಕ್ಷಣಕ್ಕೆ ಮೂರಡಿ ಕೆಳಗೆ. ಅಮ್ಮ ಬಾಗಿಲ ಸರಳು ಹಿಡಿದು ನಿಂತವಳು "ಲೋ, ನಾನು ಬರಲ್ಲ ಕಣೋ, ನೀವು ಹೋಗಿ ಬನ್ನಿ" ಅಂದಳು. ದೋಣಿಯ ಇಬ್ಬರು ಹುಡುಗರು ಆ ಕಡೆ ಈ ಕಡೆ ರಟ್ಟೆ ಹಿಡಿದು, ಅಲೆ ಮೇಲೆ ಬರುವವರೆಗೆ ಕಾದು, "ಇಪ್ಪೋ!" ಅಂದರು. ಮಲಯಾಳಂ ಬರದ ಅಮ್ಮನಿಗೂ ಅದು 'ಈಗ' ಅಂತ ಅರ್ಥವಾಗಿ ಕಾಲಿಟ್ಟೇ ಬಿಟ್ಟಳು. ಮೂರು ದ್ವೀಪಕ್ಕೂ ಹೀಗೇ ಇಳಿದು ಹತ್ತಬೇಕು. ಮೊದಲ ದಿನ ಸೀರೆ ಒದ್ದೆ, ಎರಡನೇ ದಿನ ಸೊಸೆಯ ಚೂಡಿದಾರ್. ಮಂಡಿ ತೀರಾ ಹದಗೆಟ್ಟಿದ್ದರೆ ಹಿರಿಯರನ್ನು ಕರೆದುಕೊಂಡು ಹೋಗಬೇಡಿ, ಹಡಗಿನಲ್ಲೇ ಕೂತಿರಬೇಕಾಗುತ್ತದೆ.

ಮೂರರಲ್ಲಿ ನನ್ನ ಓಟು ಮಿನಿಕಾಯ್‌ಗೆ. ಮಾಲ್ಡೀವ್ಸ್ ಹತ್ತಿರ, ಜನರ ಮಾತೂ ಅಲ್ಲಿನದೇ ಬಗೆ, ಮಹಲ್ ಅಂತಾರೆ. 1885ರ ಲೈಟ್‌ಹೌಸ್ ಇದೆ. ಮೇಲಿಂದ ನೋಡಿದರೆ ಒಂದು ಕಡೆ ತಿಳಿ ಹಸಿರು ನೀರು, ಇನ್ನೊಂದು ಕಡೆ ಕಡುನೀಲಿ, ಮಧ್ಯೆ ತೆಂಗಿನ ತೋಪು. ಕಲ್ಪೇನಿಯಲ್ಲಿ ಸ್ನಾರ್ಕಲಿಂಗ್, ಅಂದ್ರೆ ಉಸಿರಾಟದ ಕೊಳವೆ ಕಚ್ಚಿಕೊಂಡು ನೀರಿನೊಳಗೆ ನೋಡುತ್ತಾ ತೇಲೋದು, ಚೆನ್ನಾಗಿದೆ, ಕವರತ್ತಿ ಒಂದು ಹಗಲಿಗೆ ಸಾಕು.

ಊಟ ಕೇರಳದ್ದು. ಕುಚ್ಚಲಕ್ಕಿ ಅನ್ನ, ತೆಂಗಿನೆಣ್ಣೆ, ಮೀನು ತಿನ್ನೋರಿಗೆ ಅವರು ಚೂರ ಅನ್ನೋ ಟ್ಯೂನಾ. ಸಸ್ಯಾಹಾರಿಗಳು ಉಪವಾಸ ಬೀಳಲ್ಲ, ಆದರೂ ಚಟ್ನಿಪುಡಿ ಒಯ್ಯಿರಿ. ನಾವು ಒಯ್ದದ್ದು ಪಕ್ಕದ ಟೇಬಲ್ಲಿನ ಗುಜರಾತಿಗಳಿಗೇ ಅರ್ಧ ಖಾಲಿಯಾಯಿತು. ಮದ್ಯಕ್ಕೆ ದ್ವೀಪಗಳಲ್ಲಿ ನಿರ್ಬಂಧವಿದೆ. ಹೊಟ್ಟೆ ತೊಳಸುವವರು ವಾಂತಿ ಮಾತ್ರೆ ಬಗ್ಗೆ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ, ಕೊಚ್ಚಿ ಬಿಟ್ಟ ಮೊದಲ ರಾತ್ರಿಯೇ ನನ್ನ ಹೆಂಡತಿ ಕ್ಯಾಬಿನ್ ಬಿಟ್ಟು ಏಳಲಿಲ್ಲ. ಫೋನ್ ಸಿಗ್ನಲ್ ನಡು ಸಮುದ್ರದಲ್ಲಿ ಮರೆತುಬಿಡಿ, ಕೈಯಲ್ಲಿ ನಗದು ಇರಲಿ.

ಒಂದು ಸುಮ್ನೆ ಹೇಳೋ ಮಾತು: ಇಲ್ಲಿನ ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ವರ್ಷ ನವೆಂಬರ್ 1ಕ್ಕೆ ಲಕ್ಷದ್ವೀಪ ಬೇರೆಯಾಯಿತು. ಇದನ್ನು ಡೆಕ್ ಮೇಲೆ ಸಿಕ್ಕ ಮಂಗಳೂರಿನವರೊಬ್ಬರಿಗೆ ಹೇಳಿದಾಗ "ಹಾಗಾದ್ರೆ ಪರ್ಮಿಟ್ ಯಾಕ್ರೀ ನಮಗೆ?" ಅಂದರು.

ಹಡಗಿಗೆ, ದೋಣಿಯ ಹುಡುಗರಿಗೆ ಐದಕ್ಕೆ ಐದು. ಏಜೆಂಟ್‌ಗೆ ಸೊನ್ನೆ. ಎರಡು ತಿಂಗಳಾಯಿತು, ಕ್ಯಾಬಿನ್ ವ್ಯತ್ಯಾಸದ ದುಡ್ಡು ಇನ್ನೂ 'ಪ್ರೊಸೆಸ್'ನಲ್ಲಿದೆಯಂತೆ.