ಮಾಡೆಲ್ ಸಿಕ್ಕಿದ ಮೇಲೂ ಉಳಿಯುವ ಕೆಲಸ: ಎಲ್‌ಟಿಸ್ಪೈಸ್‌ನ ದೀರ್ಘಕಾಲದ ಬಳಕೆ

ಮಲ್ಪೆಯ ಮೀನುಗಾರಿಕೆ ಬೋಟುಗಳಿಗೆ ಬ್ಯಾಟರಿ ಚಾರ್ಜರ್, ಎಲ್‌ಇಡಿ ಡ್ರೈವರ್ ಮತ್ತು 24 ವೋಲ್ಟನ್ನು 12 ವೋಲ್ಟಿಗೆ ಇಳಿಸುವ ಸಣ್ಣ ಪವರ್ ಸಪ್ಲೈಗಳನ್ನು ಮಾಡಿಕೊಡುವುದು ನನ್ನ ವೃತ್ತಿ. ಉಡುಪಿಯ ನನ್ನ ವರ್ಕ್‌ಶಾಪಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಹಲವು ವರ್ಷಗಳಿಂದ ಪ್ರತಿದಿನ ತೆರೆದಿರುವ ತಂತ್ರಾಂಶ ಎಲ್‌ಟಿಸ್ಪೈಸ್. ಸರ್ಕ್ಯೂಟನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಓಡಿಸಿ ನೋಡಲು, ಅಂದರೆ ಸಿಮ್ಯುಲೇಶನ್ ಮಾಡಲು ಅದು ಬೇಕು. ಅದು ಉಚಿತ, ನೋಡ್‌ಗಳ (ಬಿಡಿಭಾಗಗಳು ಒಂದಕ್ಕೊಂದು ಸೇರುವ ಬಿಂದುಗಳ) ಸಂಖ್ಯೆಗೆ ಮಿತಿಯಿಲ್ಲ, ವೇಗ ಚೆನ್ನಾಗಿದೆ. ಇವೆಲ್ಲ ಓದುಗರಿಗೆ ಗೊತ್ತಿರುವ ಸಂಗತಿಗಳು. ನಾನು ಬರೆಯಹೊರಟಿರುವುದು ಬಿಡಿಭಾಗಗಳ ಮಾಡೆಲ್‌ಗಳ ಬಗ್ಗೆ, ಅಂದರೆ ಒಂದೊಂದು ಬಿಡಿಭಾಗ ಹೇಗೆ ವರ್ತಿಸುತ್ತದೆ ಎಂದು ತಂತ್ರಾಂಶಕ್ಕೆ ತಿಳಿಸುವ ಬರಹಗಳ ಬಗ್ಗೆ. ಈ ತಂತ್ರಾಂಶದ ಜೊತೆ ಕಳೆದ ಸಮಯದ ಬಹುಪಾಲು ಹೋಗಿರುವುದು ಅಲ್ಲಿಯೇ.

ಸ್ಪೈಸ್ ಎಂಬ ಮೂಲ ಪ್ರೋಗ್ರಾಂ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನೇಗಲ್ ಮತ್ತು ಡೊನಾಲ್ಡ್ ಪೆಡರ್ಸನ್ ಅವರಿಂದ ರೂಪುಗೊಂಡು 1973ರಲ್ಲಿ ಹೊರಬಂದಿತು. ಎಲ್‌ಟಿಸ್ಪೈಸನ್ನು ಮೈಕ್ ಎಂಗಲ್‌ಹಾರ್ಟ್ ಬರೆದದ್ದು ಲೀನಿಯರ್ ಟೆಕ್ನಾಲಜಿ ಕಂಪನಿಯಲ್ಲಿದ್ದಾಗ. 2017ರಲ್ಲಿ ಆ ಕಂಪನಿ ಅನಲಾಗ್ ಡಿವೈಸಸ್‌ನ ಪಾಲಾಯಿತು. ಚಿಪ್ ತಯಾರಕರ ಮನೆಯಲ್ಲಿ ಹುಟ್ಟಿದ್ದರಿಂದ ಅವರದೇ ಚಿಪ್‌ಗಳ ಮಾಡೆಲ್‌ಗಳು ಅದರಲ್ಲಿ ರಾಶಿ ರಾಶಿಯಾಗಿ ಸಿದ್ಧವಾಗಿವೆ. ಆದರೆ ನಮ್ಮೂರಿನ ಅಂಗಡಿಯಲ್ಲಿ ಕೇಳಿದ ಕೂಡಲೇ ಕೈಗೆ ಬರುವ ಎಲ್‌ಎಂ358 (ಓಪ್-ಆಂಪ್ ಎಂಬ ಸಂಕೇತ ವರ್ಧಕ ಚಿಪ್) ಮತ್ತು ಟಿಎಲ್431ರ (ಸ್ಥಿರ ವೋಲ್ಟೇಜಿನ ಆಧಾರ ಕೊಡುವ ಚಿಪ್) ಮಾಡೆಲ್‌ಗಳನ್ನು ಹೊರಗಿನಿಂದಲೇ ತರಬೇಕು. ಸಾವಿರಾರು ರೂಪಾಯಿಯ ಆರ್ಡರಿಗೆ ನೂರಾರು ರೂಪಾಯಿಯ ಚಿಪ್ ಹಾಕಲು ಸಾಧ್ಯವಿಲ್ಲದ ನನ್ನಂಥವರಿಗೆ ಇದು ದಿನನಿತ್ಯದ ತೊಡಕು.

ಹಾಗೆ ತರುವ ಕೆಲಸಕ್ಕೆ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ, ಅದನ್ನು ಬೆಳಿಗ್ಗೆ ಸೋಲ್ಡರಿಂಗ್ ಐರನ್ ಬಿಸಿಯಾಗುವ ಮೊದಲೇ ಮಾಡುವುದು ನನಗೆ ಇಷ್ಟ. ತಯಾರಕರ ಜಾಲತಾಣದಿಂದ ಇಳಿಸಿಕೊಂಡ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯುತ್ತೇನೆ. ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಸಾಲುಗಳು ಟಿಪ್ಪಣಿಗಳು. ಈ ಮಾಡೆಲ್ ಏನನ್ನು ತೋರಿಸುತ್ತದೆ, ಏನನ್ನು ಬಿಟ್ಟಿದೆ ಎಂಬುದನ್ನು ಪ್ರಾಮಾಣಿಕ ತಯಾರಕರು ಅಲ್ಲಿಯೇ ಬರೆದಿರುತ್ತಾರೆ. ಅದರ ಮೇಲೆ ನನ್ನದೊಂದು ಸಾಲು ಸೇರಿಸುತ್ತೇನೆ: ಎಲ್ಲಿಂದ ತಂದದ್ದು, ಯಾವ ದಿನ. ಬಳಿಕ ಡಾಟ್ ಮಾಡೆಲ್ (ಒಂದೇ ಬಿಡಿಭಾಗದ ಅಂಕಿಗಳು) ಎಂದಿದೆಯೋ, ಡಾಟ್ ಸಬ್‌ಸರ್ಕ್ಯೂಟ್ (ಹಲವು ಭಾಗಗಳನ್ನು ಜೋಡಿಸಿ ಬರೆದ ಒಳಸರ್ಕ್ಯೂಟ್) ಎಂದಿದೆಯೋ ನೋಡುತ್ತೇನೆ. ಮೊದಲನೆಯದಾದರೆ ತಂತ್ರಾಂಶದಲ್ಲಿರುವ ಡಯೋಡ್ ಅಥವಾ ಟ್ರಾನ್ಸಿಸ್ಟರ್ ಚಿತ್ರಕ್ಕೆ ಆ ಹೆಸರನ್ನು ಕೊಟ್ಟರೆ ಸಾಕು. ಎರಡನೆಯದಾದರೆ ಚಿತ್ರದ ಪ್ರಿಫಿಕ್ಸನ್ನು (ಅದು ಯಾವ ಬಗೆಯ ಭಾಗ ಎಂದು ತಿಳಿಸುವ ಅಕ್ಷರವನ್ನು) ಎಕ್ಸ್ ಎಂದು ಬದಲಿಸಬೇಕು. ಫೈಲನ್ನು ಸರ್ಕ್ಯೂಟಿನ ಫೋಲ್ಡರಿನಲ್ಲಿಯೇ ಇಡುತ್ತೇನೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ನೋಟ್‌ಪ್ಯಾಡ್ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಅಂಟಿಸಿದ್ದರೆ ವಿಂಡೋಸ್ ಅದನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಆಗ ಫೈಲ್ ಕಣ್ಣೆದುರಿಗೇ ಇದ್ದರೂ ಸಿಮ್ಯುಲೇಶನ್ ಅದನ್ನು ಕಾಣದೆ ನಿಂತುಬಿಡುತ್ತದೆ.

ಇಷ್ಟರವರೆಗೆ ಶ್ರಮವಿದ್ದರೂ ಬೇಸರವಿಲ್ಲ. ಬೇಸರ ಶುರುವಾಗುವುದು ಪಿನ್‌ಗಳ ಕ್ರಮದಲ್ಲಿ. ಐದು ಪಿನ್‌ಗಳ ಓಪ್-ಆಂಪ್ ಚಿತ್ರವು ಪ್ಲಸ್ ಇನ್‌ಪುಟ್, ಮೈನಸ್ ಇನ್‌ಪುಟ್, ಪ್ಲಸ್ ಸಪ್ಲೈ, ಮೈನಸ್ ಸಪ್ಲೈ, ಔಟ್‌ಪುಟ್ ಎಂಬ ಕ್ರಮವನ್ನು ನಿರೀಕ್ಷಿಸುತ್ತದೆ, ಮತ್ತು ಹೆಚ್ಚಿನ ತಯಾರಕರು ಅದನ್ನೇ ಪಾಲಿಸುತ್ತಾರೆ. ಆದರೆ ನಾನು ತಂದ ಒಂದು ಮಾಡೆಲ್‌ನಲ್ಲಿ ಔಟ್‌ಪುಟ್ ಮೊದಲು ಬಂದಿತ್ತು, ಅದನ್ನು ತಿಳಿಸುವ ಒಂದು ಸಾಲು ಟಿಪ್ಪಣಿಯೂ ಇರಲಿಲ್ಲ. ಇಂಥ ಕಡೆ ತಂತ್ರಾಂಶ ಯಾವ ದೋಷವನ್ನೂ ಹೇಳುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಐದು ತಂತಿಗಳು ಐದು ತುದಿಗಳಿಗೆ ಸೇರಿವೆ. ಗ್ರಾಫ್ ಮೂಡುತ್ತದೆ, ಅದು ಪೂರ್ತಿ ಸುಳ್ಳಾಗಿರುತ್ತದೆ. ಮಾಡೆಲ್ ಬರೆದವರು ಐದೇ ಪದಗಳನ್ನು ಸೇರಿಸಿದ್ದರೆ ಉಳಿಯುತ್ತಿದ್ದ ಸಮಯವನ್ನು ನೆನೆದರೆ ನನಗೆ ಈಗಲೂ ಕೋಪ ಬರುತ್ತದೆ. ಇದಕ್ಕೆ ಉತ್ತರವಾಗಿ ಎಲ್‌ಟಿಸ್ಪೈಸ್ ಒಂದು ಅನುಕೂಲ ಕೊಟ್ಟಿದೆ: ಲೈಬ್ರರಿ ಫೈಲನ್ನು ಅದರೊಳಗೇ ತೆರೆದು ಸಬ್‌ಸರ್ಕ್ಯೂಟಿನ ಸಾಲಿನ ಮೇಲೆ ಬಲಗಡೆ ಕ್ಲಿಕ್ ಮಾಡಿದರೆ, ಆ ಫೈಲಿನದೇ ಕ್ರಮದಲ್ಲಿ ಹೊಸ ಚಿತ್ರ ತಯಾರಾಗುತ್ತದೆ. ಚೌಕಾಕಾರದ ಆ ಚಿತ್ರ ನೋಡಲು ಚೆನ್ನಾಗಿಲ್ಲದಿದ್ದರೂ ತಂತಿಗಳು ಅದಲುಬದಲಾಗುವ ಭಯವಿರುವುದಿಲ್ಲ.

ಪಿನ್ ಸರಿಯಾದ ಮೇಲೂ ಮಾಡೆಲನ್ನು ನಂಬುವ ಮೊದಲು ಪರೀಕ್ಷಿಸುತ್ತೇನೆ. ಎಲ್‌ಎಂ358 ಆದರೆ ಒಂದೇ 12 ವೋಲ್ಟ್ ಸಪ್ಲೈ ಕೊಟ್ಟು, ಔಟ್‌ಪುಟನ್ನು ಮೈನಸ್ ಇನ್‌ಪುಟಿಗೆ ಜೋಡಿಸಿ, ಇನ್‌ಪುಟನ್ನು ಸೊನ್ನೆಯಿಂದ 12 ವೋಲ್ಟಿನವರೆಗೆ ನಿಧಾನವಾಗಿ ಏರಿಸುತ್ತೇನೆ. ನಿಜವಾದ ಚಿಪ್‌ನಲ್ಲಿ ಔಟ್‌ಪುಟ್ ಸಪ್ಲೈಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೆ ನಿಲ್ಲಬೇಕು. ಗೆರೆ ನೇರವಾಗಿ 12ರವರೆಗೆ ಹೋದರೆ ಆ ಮಾಡೆಲ್‌ನಲ್ಲಿ ಮಿತಿಯನ್ನೇ ಬರೆದಿಲ್ಲ ಎಂದರ್ಥ. ಬಳಿಕ ಸಪ್ಲೈ ಪಿನ್ನಿನ ಕರೆಂಟ್ ನೋಡುತ್ತೇನೆ. 1974ರಲ್ಲಿ ಪ್ರಕಟವಾದ ಬಾಯ್ಲ್ ಮಾದರಿಯನ್ನು ಅನುಸರಿಸಿದ ಹಳೆಯ ಮಾಡೆಲ್‌ಗಳಲ್ಲಿ ಲೋಡಿಗೆ ಹೋಗುವ ಕರೆಂಟ್ ಸಪ್ಲೈಯಿಂದ ಬಾರದೆ ಗ್ರೌಂಡಿನಿಂದ ಬರುತ್ತದೆ. ಬ್ಯಾಟರಿಯ ಮೇಲೆ ಬೀಳುವ ಹೊರೆಯನ್ನು ಲೆಕ್ಕಹಾಕಬೇಕಾದ ನನಗೆ ಅಂಥ ಮಾಡೆಲ್ ಉಪಯೋಗಕ್ಕಿಲ್ಲ.

ಡಯೋಡಿನ ವಿಷಯ ಇದಕ್ಕಿಂತ ಮುಖ್ಯ. ಬೋಟೊಂದರಿಂದ ರಿಪೇರಿಗೆ ಬಂದ ಕನ್ವರ್ಟರಿನಲ್ಲಿ ಹಿಂದೆ ರಿಪೇರಿ ಮಾಡಿದವರು ಸುಟ್ಟುಹೋದ ಶಾಟ್ಕಿ ಡಯೋಡಿನ (ವೇಗವಾಗಿ ಆಫ್ ಆಗುವ ಬಗೆ) ಜಾಗಕ್ಕೆ ನಿಧಾನಗತಿಯ 1ಎನ್4007 ಡಯೋಡ್ ಹಾಕಿದ್ದರು, ಅದು ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ಸರ್ಕ್ಯೂಟನ್ನು ಬಿಡಿಸಿ, ಟ್ರಾನ್ಸಿಟ್ ಟೈಮ್ (ಡಯೋಡ್ ಆಫ್ ಆಗಲು ಎಷ್ಟು ತಡಮಾಡುತ್ತದೆ ಎಂಬುದನ್ನು ನಿರ್ಧರಿಸುವ ಅಂಕಿ) ಬರೆಯದ ಸರಳ ಡಯೋಡ್ ಮಾಡೆಲ್‌ನಲ್ಲಿ ಓಡಿಸಿದರೆ ಗ್ರಾಫ್ ಶುಭ್ರವಾಗಿ ಕಾಣುತ್ತದೆ, ಏಕೆಂದರೆ ಟಿಟಿ ಎಂಬ ಆ ಅಂಕಿ ಇಲ್ಲದಿದ್ದಾಗ ತಂತ್ರಾಂಶ ಅದನ್ನು ಸೊನ್ನೆ ಎಂದು ಹಿಡಿಯುತ್ತದೆ. ಅದೇ ಜಾಗದಲ್ಲಿ ಟಿಟಿ 5 ಮೈಕ್ರೊಸೆಕೆಂಡ್ ಎಂದು ಬರೆದು ಮತ್ತೆ ಓಡಿಸಿದಾಗ, 100 ಕಿಲೋಹರ್ಟ್ಸ್‌ನಲ್ಲಿ ಒಂದು ಆವರ್ತಕ್ಕೆ ಇರುವ 10 ಮೈಕ್ರೊಸೆಕೆಂಡಿನಲ್ಲಿ ದೊಡ್ಡ ಭಾಗ ಡಯೋಡ್ ಹಿಮ್ಮುಖವಾಗಿಯೂ ಕರೆಂಟ್ ಬಿಡುವುದು, ಸ್ವಿಚ್ ಆಗಿ ಕೆಲಸ ಮಾಡುವ ಮಾಸ್‌ಫೆಟ್ ಟ್ರಾನ್ಸಿಸ್ಟರ್ ಪ್ರತಿ ಸಲ ಆನ್ ಆಗುವಾಗ ಅದರಲ್ಲಿ ಕರೆಂಟ್ ಚಿಮ್ಮುವುದು ಕಣ್ಣಿಗೆ ಕಟ್ಟುತ್ತದೆ. ಆಲ್ಟ್ ಒತ್ತಿ ಡಯೋಡಿನ ಮೇಲೆ ಕ್ಲಿಕ್ ಮಾಡಿದರೆ ಅದು ಕಳೆಯುವ ವಿದ್ಯುತ್ತಿನ ಗ್ರಾಫೂ ಬರುತ್ತದೆ. ಆ ಗ್ರಾಫನ್ನು ಬೋಟಿನ ಮಾಲೀಕರಿಗೆ ತೋರಿಸಿದೆ. ಕೆಲವೇ ರೂಪಾಯಿ ಹೆಚ್ಚು ಬೀಳುವ ಸರಿಯಾದ ಡಯೋಡ್ ಹಾಕಲು ಅವರು ಒಪ್ಪಿದರು.

ಸಿಮ್ಯುಲೇಶನ್ ಅರ್ಧಕ್ಕೆ ನಿಲ್ಲುವ ಸಂದರ್ಭಗಳ ಬಗ್ಗೆ ಮೊದಮೊದಲು ನನ್ನ ಅಭಿಪ್ರಾಯ ಕಟುವಾಗಿತ್ತು, ಈಗ ಮೆತ್ತಗಾಗಿದೆ. ‘ಟೈಮ್ ಸ್ಟೆಪ್ ಟೂ ಸ್ಮಾಲ್’ (ಲೆಕ್ಕದ ಕಾಲದ ಹೆಜ್ಜೆ ತೀರಾ ಚಿಕ್ಕದಾಯಿತು) ಎಂಬ ಸಂದೇಶವನ್ನು ಹಲವರು ಮುಚ್ಚಿಬಿಡುತ್ತಾರೆ. ಅದನ್ನು ಕೊನೆಯವರೆಗೆ ಓದಿದರೆ ತೊಂದರೆ ಯಾವ ನೋಡ್‌ನಲ್ಲಿ ಅಥವಾ ಯಾವ ಬಿಡಿಭಾಗದಲ್ಲಿ ಎಂಬುದು ಅಲ್ಲಿಯೇ ಇರುತ್ತದೆ. ಯು1ರ (ಚಿತ್ರದಲ್ಲಿ ಚಿಪ್‌ಗೆ ಇರುವ ಹೆಸರು) ಒಳಗಿನ ಡಯೋಡ್ ಎಂದು ಬಂದರೆ ನನ್ನ ಸರ್ಕ್ಯೂಟನ್ನು ಕೆದಕುವ ಬದಲು ಆ ಚಿಪ್‌ನ ಮಾಡೆಲ್ ಫೈಲನ್ನು ತೆರೆಯುತ್ತೇನೆ. ಹೆಚ್ಚಿನ ಸಲ ಕಾರಣ ಅತಿಯಾದ ಆದರ್ಶ: ಒಳರೋಧವಿಲ್ಲದ, ಕೆಪಾಸಿಟನ್ಸ್ ಇಲ್ಲದ ಡಯೋಡ್, ಅಥವಾ ಕ್ಷಣಮಾತ್ರದಲ್ಲಿ ಜಿಗಿಯುವ ಸ್ವಿಚ್. ಡಯೋಡಿಗೆ ಕೆಲವು ಪಿಕೊಫ್ಯಾರಡ್ ಮತ್ತು ಸ್ವಲ್ಪ ರೋಧ ಕೊಟ್ಟರೆ ಓಟ ಮುಂದುವರಿಯುತ್ತದೆ, ಫಲಿತಾಂಶವೂ ವಾಸ್ತವಕ್ಕೆ ಹತ್ತಿರವಾಗುತ್ತದೆ. ‘ಸಿಂಗ್ಯುಲರ್ ಮ್ಯಾಟ್ರಿಕ್ಸ್’ (ಸಮೀಕರಣಗಳಿಗೆ ಒಂದೇ ಉತ್ತರ ಸಿಗದ ಸ್ಥಿತಿ) ಎಂಬ ಸಂದೇಶ ಬಂದರೆ ಗ್ರೌಂಡಿಗೆ ದಾರಿಯಿಲ್ಲದ ನೋಡ್ ಹುಡುಕಬೇಕು. ಟ್ರಾನ್ಸ್‌ಫಾರ್ಮರಿನ ಪ್ರತ್ಯೇಕಿತ ಸೆಕೆಂಡರಿಯೇ ಸಾಮಾನ್ಯವಾಗಿ ಅದು. 100 ಮೆಗಾಓಮ್‌ನ ಒಂದು ರೆಸಿಸ್ಟರನ್ನು ಗ್ರೌಂಡಿಗೆ ಸೇರಿಸಿದರೆ ಸಾಕು. ಹಾಗೆ ಬರೆಯುವಾಗ 100 ಎಂ ಎಂದು ಹಾಕಬಾರದು, ಸ್ಪೈಸ್‌ನಲ್ಲಿ ದೊಡ್ಡ ಎಂ ಕೂಡ ಮಿಲ್ಲಿಯೇ. ಮೆಗಾಕ್ಕೆ ಎಂಇಜಿ ಎಂದೇ ಬರೆಯಬೇಕು.

ಬಗೆಹರಿಯದೆ ಉಳಿದಿರುವುದು ಎನ್‌ಕ್ರಿಪ್ಟ್ ಮಾಡಿದ, ಅಂದರೆ ಒಳಗಿನ ಬರಹ ಓದಲಾಗದಂತೆ ಮರೆಮಾಡಿದ ಮಾಡೆಲ್‌ಗಳು. ಪಿಸ್ಪೈಸ್ ಎಂಬ ಇನ್ನೊಂದು ಸಿಮ್ಯುಲೇಶನ್ ತಂತ್ರಾಂಶಕ್ಕಾಗಿ ಬೀಗ ಹಾಕಿ ಕೊಟ್ಟ ಫೈಲ್ ಎಲ್‌ಟಿಸ್ಪೈಸ್‌ನಲ್ಲಿ ತೆರೆಯುವುದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 2020ರಿಂದ ಪಿಸ್ಪೈಸ್‌ನ ಒಂದು ಆವೃತ್ತಿಯನ್ನು ಉಚಿತವಾಗಿ ಕೊಡುತ್ತಿದೆ, ಅವರ ಚಿಪ್‌ಗಳಿಗೆ ಅದು ದಾರಿಯಾದೀತು. ಆದರೆ ನನ್ನ ಲ್ಯಾಪ್‌ಟಾಪಿಗೆ ಅದು ಭಾರ. ಆದ್ದರಿಂದ ಅಂಥ ಚಿಪ್ ಅನಿವಾರ್ಯವಾದಾಗ ಡೇಟಾಶೀಟಿನ ಬ್ಲಾಕ್ ಚಿತ್ರವನ್ನು ಮುಂದಿಟ್ಟುಕೊಂಡು ನನಗೆ ಬೇಕಾದಷ್ಟು ಗುಣಗಳ ಮಾಡೆಲನ್ನು ನಾನೇ ಬರೆಯುತ್ತೇನೆ. ಟಿಎಲ್431ಕ್ಕೆ ಬರೆದದ್ದರಲ್ಲಿ 2.495 ವೋಲ್ಟಿನ ರೆಫರೆನ್ಸ್ ಇದೆ, ಕನಿಷ್ಠ 1 ಮಿಲಿಆಂಪಿಯರ್ ಸಿಗದಿದ್ದರೆ ನಿಯಂತ್ರಣ ತಪ್ಪುವ ಗುಣವೂ ಇದೆ, ಮತ್ತು ಪಿನ್‌ಗಳ ಹೆಸರು ಮೊದಲ ಸಾಲಿನಲ್ಲಿಯೇ ಇದೆ.