ಕರೆಂಟು ಹೋದರೆ ಎಲ್ಲವನ್ನೂ ಮರೆಯುವ ಚಾರ್ಜರ್

ಮಳೆಗಾಲದ ಸಾಗರದಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಇಡೀ ದಿನ ಇದ್ದರೆ ಸುದ್ದಿ. ಇಂಥ ಊರಿನಲ್ಲಿ ಕುಳಿತು, ಕರೆಂಟು ಒಮ್ಮೆ ಹೋಗಿ ಬಂದರೆ ತಾನು ಮಾಡುತ್ತಿದ್ದ ಕೆಲಸವನ್ನೇ ಮರೆತುಬಿಡುವ ಬ್ಯಾಟರಿ ಚಾರ್ಜರೊಂದಕ್ಕೆ ಮೂರೂವರೆ ಸಾವಿರ ರೂಪಾಯಿ ಕೊಟ್ಟಿದ್ದೇನೆ. ಎರಡು ಮಳೆಗಾಲ ಅದರೊಂದಿಗೆ ಏಗಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರು ಬೇಡ. ಇದೇ ಬಗೆಯ ಪೆಟ್ಟಿಗೆ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಕೊಳ್ಳುವವರು ಹೆಸರಿಗಿಂತ ದೋಷವನ್ನು ಗುರುತಿಟ್ಟುಕೊಂಡರೆ ಸಾಕು.

ಚಾರ್ಜರ್ ಎಂದರೆ ನನ್ನ ಎಲೆಕ್ಟ್ರಿಕ್ ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯದಲ್ಲ, ಚಿಕ್ಕದರದು. ಎಲೆಕ್ಟ್ರಿಕ್ ಕಾರಿನಲ್ಲೂ ಬಾನೆಟ್ಟಿನ ಕೆಳಗೆ, ಪೆಟ್ರೋಲ್ ಕಾರಿನಲ್ಲಿರುವಂಥದ್ದೇ 12 ವೋಲ್ಟಿನ ಚಿಕ್ಕ ಸೀಸದ ಬ್ಯಾಟರಿ ಇರುತ್ತದೆ. ಬಾಗಿಲಿನ ಬೀಗ, ದೀಪ, ವೈಪರ್, ಮುಂದಿನ ಪರದೆ, ಒಳಗಿನ ಪುಟ್ಟ ಕಂಪ್ಯೂಟರುಗಳು ಎಲ್ಲವೂ ನಡೆಯುವುದು ಅದರ ಬಲದಿಂದ. ಅದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಮುನ್ನೂರು ನಾನ್ನೂರು ವೋಲ್ಟಿನ ದೊಡ್ಡ ಬ್ಯಾಟರಿಯ ಸಂಪರ್ಕವನ್ನು ಕಾರು ನಿಂತಾಗ ಸುರಕ್ಷತೆಗಾಗಿ ಕಡಿದಿಟ್ಟಿರುತ್ತದೆ. ಅದನ್ನು ಮತ್ತೆ ಜೋಡಿಸುವ ಕಾಂಟ್ಯಾಕ್ಟರುಗಳು, ಅಂದರೆ ದಪ್ಪನೆಯ ರಿಲೇಗಳು, ಎಳೆದುಕೊಳ್ಳಬೇಕಾದರೆ ಈ 12 ವೋಲ್ಟು ಬೇಕೇ ಬೇಕು. ಅದು ಸತ್ತರೆ ದೊಡ್ಡದರಲ್ಲಿ ಶೇ. 80 ಚಾರ್ಜು ಇದ್ದರೂ ಕಾರು ಅಲುಗದು. ಕಣಜದ ತುಂಬ ಭತ್ತ, ಬೀಗದ ಕೈ ಮಾತ್ರ ಇಲ್ಲ.

ಸಾಯುವ ಮುಂಚೆ ಅದು ಸೂಚನೆಯನ್ನೂ ಕೊಡುವುದಿಲ್ಲ. ನಮ್ಮ ಪೇಟೆಯ ಬ್ಯಾಟರಿ ಅಂಗಡಿಯವರು ಇದನ್ನು ಕಂಪನಿಯ ಕೈಪಿಡಿಗಿಂತ ಚೆನ್ನಾಗಿ ಹೇಳಿದರು: "ಮೇಷ್ಟ್ರೇ, ಪೆಟ್ರೋಲ್ ಗಾಡಿಯಾದರೆ ಸೆಲ್ಫ್ ಹೊಡೆಯುವಾಗಲೇ ಗೊರಗೊರ ಎನ್ನುತ್ತದೆ, ನಾಲ್ಕು ದಿನ ಮೊದಲೇ ತಿಳಿಯುತ್ತದೆ. ನಿಮ್ಮದರಲ್ಲಿ ಸೆಲ್ಫೇ ಇಲ್ಲ. ರಾತ್ರಿ ಇತ್ತು, ಬೆಳಿಗ್ಗೆ ಇಲ್ಲ, ಅಷ್ಟೇ." ಇಂಜಿನ್ ತಿರುಗಿಸಲು ಸೆಲ್ಫ್ ಮೋಟಾರಿಗೆ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು, ಎಲೆಕ್ಟ್ರಿಕ್ ಕಾರನ್ನು ಎಬ್ಬಿಸಲು ಕೆಲವೇ ಆಂಪಿಯರ್ ಸಾಕು. ಹಾಗಾಗಿ ಒಳಗೊಳಗೇ ಸೊರಗಿದ ಬ್ಯಾಟರಿಯೂ ಕೊನೆಯ ದಿನದವರೆಗೆ ಗಟ್ಟಿಮುಟ್ಟಾಗಿ ಇರುವಂತೆ ನಟಿಸುತ್ತದೆ.

ಇನ್ನು ನನ್ನ ಬಳಕೆ. ಮಗಳ ಮನೆ ಬೆಂಗಳೂರಿನಲ್ಲಿದೆ. ರಾತ್ರಿಯ ರೈಲು ಹತ್ತಿ ಹೋದರೆ ಮೊಮ್ಮಗು ಬಿಟ್ಟಾಗ ಬರುವುದು. ಎರಡು ವಾರವಾಗಬಹುದು, ತಿಂಗಳೂ ಆಗಬಹುದು. ಅಷ್ಟು ದಿನ ಕಾರು ಪೋರ್ಟಿಕೋದಲ್ಲಿ ನಿಂತಿರುತ್ತದೆ. ನಿಂತ ಕಾರೂ ತಿನ್ನುತ್ತಲೇ ಇರುತ್ತದೆ: ಕಳ್ಳರ ಅಲಾರಂ, ರಿಮೋಟಿನ ಕರೆಗೆ ಕಿವಿಗೊಟ್ಟು ಕಾಯುವ ರಿಸೀವರ್, ಮೊಬೈಲ್ ಆ್ಯಪಿಗೆ ಸುದ್ದಿ ಮುಟ್ಟಿಸುವ ಸಿಮ್ಮು. ಬೆಂಗಳೂರಿನಲ್ಲಿ ಕುಳಿತು ಕಾರು ಹೇಗಿದೆ ಎಂದು ಆ್ಯಪ್ ತೆರೆದು ನೋಡಿದಾಗಲೂ ಅದನ್ನು ನಿದ್ದೆಯಿಂದ ಎಬ್ಬಿಸಿದಂತೆಯೇ. ಡ್ಯಾಶ್‌ಕ್ಯಾಮ್ ಹಾಕಿಸಿಕೊಂಡವರ ಲೆಕ್ಕ ಇನ್ನೂ ದುಬಾರಿ. ಕಾರು ನಿಂತಾಗಲೂ ಚಿತ್ರ ಹಿಡಿಯುವ ಕ್ಯಾಮೆರಾ ಕಾಲು ಆಂಪಿಯರ್ ಎಳೆದರೆ ದಿನಕ್ಕೆ 6 ಆಂಪಿಯರ್ ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಹೋಯಿತು. 35 ಆಂಪಿಯರ್ ಅವರಿನ ಬ್ಯಾಟರಿ ಮೂರು ದಿನಕ್ಕೆ ಅರ್ಧವಾಯಿತು.

ಇಂಜಿನ್ ತಿರುಗುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಎಲೆಕ್ಟ್ರಿಕ್ ಕಾರಿನಲ್ಲಿ ಇಲ್ಲ. ದೊಡ್ಡ ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ಚಿಕ್ಕದಕ್ಕೆ ಉಣಿಸುವುದು ಡಿಸಿ-ಡಿಸಿ ಕನ್ವರ್ಟರ್ ಎಂಬ ಸಾಧನ. ಕೆಲವು ಮಾದರಿಗಳಲ್ಲಿ ಅದು ನಿಂತಲ್ಲೇ ಆಗಾಗ ಎದ್ದು ಈ ಕೆಲಸ ಮಾಡುತ್ತದೆ. ನನ್ನದರಲ್ಲಿ ಕಾರು ಚಾಲೂ ಇದ್ದಾಗ ಅಥವಾ ದೊಡ್ಡ ಬ್ಯಾಟರಿ ಚಾರ್ಜಾಗುವಾಗ ಮಾತ್ರ. ಹಾಗಾಗಿ ಗೋಡೆಯ ಚಾರ್ಜರಿನ ಗನ್ ಸಿಕ್ಕಿಸಿ ಊರಿಗೆ ಹೋದರೂ ಪ್ರಯೋಜನವಿಲ್ಲ. ದೊಡ್ಡದು ತುಂಬಿದ ಮೇಲೆ ಚಿಕ್ಕದು ಮತ್ತೆ ಉಪವಾಸ. ಒಮ್ಮೆ ಜಡಿಮಳೆಯಲ್ಲಿ ರೈಲಿಳಿದು ಬಂದಾಗ ರಿಮೋಟಿಗೆ ಕಾರು ಮಿಸುಕಲಿಲ್ಲ. ರಿಮೋಟಿನ ಹೊಟ್ಟೆಯಲ್ಲಿ ಅಡಗಿರುವ ಲೋಹದ ಕೀಲಿ ತೆಗೆದು ಬಾಗಿಲು ತೆರೆದು, ಪಕ್ಕದ ಮನೆಯ ಜೀಪಿನಿಂದ ಕೇಬಲ್ ಕೊಟ್ಟೆವು. ಚಿಟಿಕೆ ಹೊಡೆಯುವಷ್ಟರಲ್ಲಿ ಎದ್ದಿತು. ಆದರೆ ಸೀಸದ ಬ್ಯಾಟರಿ ಖಾಲಿಯಾಗಿ ಬಿದ್ದಷ್ಟು ಕಾಲವೂ ಅದರ ಫಲಕಗಳ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗುತ್ತಿರುತ್ತದೆ. ಹಾಗೆ ಕಳೆದುಹೋದ ಶಕ್ತಿ ಪೂರ್ತಿ ಮರಳುವುದಿಲ್ಲ. ಚಾರ್ಜರ್ ತರಿಸಿದ್ದು ಇದಕ್ಕೆ.

ಮೊದಲ ಕೆಲವು ತಿಂಗಳು ಅದರ ಮೇಲೆ ನನಗೆ ನಿಜವಾಗಿಯೂ ಪ್ರೀತಿ ಇತ್ತು. ಅಂಗೈ ಅಗಲದ ಕಪ್ಪು ಪೆಟ್ಟಿಗೆ, ಜೊತೆಗೆ ಎರಡು ಬಗೆಯ ತಂತಿ. ಒಂದಕ್ಕೆ ಮೊಸಳೆ ಕ್ಲಿಪ್ಪು, ಇನ್ನೊಂದಕ್ಕೆ ಉಂಗುರದಂಥ ಲಗ್ಗು. ಲಗ್ಗಿನ ತಂತಿಯನ್ನು 10 ಮಿಲಿಮೀಟರ್ ಸ್ಪ್ಯಾನರಿನಿಂದ ಕಾಯಂ ಬಿಗಿದುಬಿಟ್ಟೆ. ಕೆಂಪು ಪಾಸಿಟಿವ್ ಕಂಬಕ್ಕೆ, ಕಪ್ಪು ಬಾಡಿಯ ಅರ್ಥ್ ಬೋಲ್ಟಿಗೆ. ನೆಗೆಟಿವ್ ಕಂಬದ ಮೇಲೆ ಕಾರಿನದೇ ಸೆನ್ಸರ್ ಕುಳಿತಿರುತ್ತದೆ, ಅದನ್ನು ದಾಟಿ ನೇರ ಕಂಬಕ್ಕೆ ಕೊಟ್ಟರೆ ಒಳಗೆ ಎಷ್ಟು ತುಂಬಿತೆಂಬ ಲೆಕ್ಕ ಕಾರಿಗೆ ತಪ್ಪುತ್ತದೆ. ಅಲ್ಲೇ ಪಕ್ಕದಲ್ಲಿ ಹಾದುಹೋಗುವ ಕಿತ್ತಳೆ ಬಣ್ಣದ ಕೇಬಲುಗಳ ತಂಟೆಗೆ ಯಾರೂ ಹೋಗಬಾರದು. ಅವು ದೊಡ್ಡ ಬ್ಯಾಟರಿಯವು.

ಲಗ್ಗಿನ ತಂತಿಯ ಇನ್ನೊಂದು ತುದಿಯನ್ನು ಮುಂದಿನ ಜಾಲರಿಯ ಸಂದಿನಿಂದ ಹೊರತಂದು, ರಬ್ಬರ್ ಮುಚ್ಚಳ ಹಾಕಿ ಬಿಟ್ಟಿದ್ದೇನೆ. ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಈ ಗೇಣುದ್ದದ ಬಾಲ. ಬ್ಯಾಟರಿಯ ನಿಜವಾದ ವೋಲ್ಟೇಜು ತಿಳಿಯಬೇಕಾದರೆ ಕಾರು ಮಲಗಿರಬೇಕು. ಬಾಗಿಲೋ ಬಾನೆಟ್ಟೋ ತೆರೆದರೆ ಅದು ಎದ್ದು ಕೂರುತ್ತದೆ, ಮುಳ್ಳು ಇಳಿಯುತ್ತದೆ. ಈಗ ಹಾಗಿಲ್ಲ. ಬೆಳಗಿನ ಕಾಫಿಗೆ ಹಾಲು ಬರುವ ಮುಂಚೆ, ರಿಮೋಟನ್ನು ಒಳಗೇ ಬಿಟ್ಟು, ಮಲ್ಟಿಮೀಟರಿನ ಎರಡು ಮೊನೆಗಳನ್ನು ಆ ಬಾಲಕ್ಕೆ ಮುಟ್ಟಿಸುತ್ತೇನೆ. 12.6 ಬಂದರೆ ತುಂಬಿದೆ. 12.4 ಎಂದರೆ ಮುಕ್ಕಾಲು. 12.2 ಅರ್ಧ, ಚಾರ್ಜಿಗೆ ಹಾಕಬೇಕು. 12ಕ್ಕಿಂತ ಕೆಳಗಿಳಿದರೆ ಅಂದು ಪೇಪರ್ ಓದುವುದಕ್ಕೆ ಮನಸ್ಸು ಬರುವುದಿಲ್ಲ. "ಅದಕ್ಕೂ ಬಿಪಿ ನೋಡುತ್ತೀರಾ?" ಎಂದು ನನ್ನಾಕೆ ಒಳಗಿನಿಂದ ಕೇಳುತ್ತಾಳೆ.

ಮಲೆನಾಡಿನ ತೇವಕ್ಕೆ ಟರ್ಮಿನಲ್ಲುಗಳ ಮೇಲೆ ಬಿಳಿ-ಹಸಿರು ಹುಡಿ ಕಟ್ಟುತ್ತದೆ. ಮಳೆಗಾಲಕ್ಕೆ ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಕದಡಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಬುಸುಬುಸು ನೊರೆ ಬಂದು ಸೀಸ ಹೊಳೆಯುತ್ತದೆ. ಒಣಗಿಸಿ, ಮೊದಲು ಪಾಸಿಟಿವ್ ಬಿಗಿದು, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಆ ವರ್ಷಕ್ಕೆ ನಿಶ್ಚಿಂತೆ.

ಜೂನ್ ಬಂತು. ಚಾರ್ಜರ್ ಸಿಕ್ಕಿಸಿ ಹಸಿರು ದೀಪ ನೋಡಿಕೊಂಡೇ ಬೆಂಗಳೂರಿಗೆ ಹೋದೆ. ಮರಳಿದಾಗ ಹಳದಿ ದೀಪ ಮಿಣುಕುತ್ತಿತ್ತು. ಕೈಪಿಡಿಯ ಪ್ರಕಾರ ಅದು ಸ್ಟ್ಯಾಂಡ್‌ಬೈ. ಅರ್ಥ ಇಷ್ಟೇ: ನಾನು ಹೋದ ರಾತ್ರಿಯೋ ಮರುದಿನವೋ ಕರೆಂಟು ಹೋಗಿದೆ, ಬಂದಿದೆ, ಮತ್ತು ಈ ಮಹಾಶಯ ಯಾರಾದರೂ ಬಂದು, ಯಾವ ಬಗೆಯ ಚಾರ್ಜು ಬೇಕೆಂದು ಆರಿಸುವ ಮೋಡ್ ಬಟನ್ ಒತ್ತಲಿ ಎಂದು ಅಂದಿನಿಂದ ಕಾಯುತ್ತ ಕುಳಿತಿದ್ದಾನೆ. ಮಲ್ಟಿಮೀಟರನ್ನು ಸರಣಿಯಲ್ಲಿಟ್ಟು ನೋಡಿದರೆ, ಕಾಯುವಾಗ ಅದೇ ಬ್ಯಾಟರಿಯಿಂದ ತನ್ನ ದೀಪದ ಖರ್ಚನ್ನೂ ಎಳೆದುಕೊಳ್ಳುತ್ತಿತ್ತು. ಕೆಲವೇ ಮಿಲಿಆಂಪಿಯರ್, ನಿಜ. ಆದರೆ ಕಾವಲಿಗೆ ಇಟ್ಟವನೇ ಕಣಜಕ್ಕೆ ಕೈ ಹಾಕಿದರೆ ಸಿಟ್ಟು ಬಾರದೇ?

ಗ್ರಾಹಕ ಸೇವೆಗೆ ಫೋನ್ ಮಾಡಿದೆ. "ಸರ್, ಅದು ಸುರಕ್ಷತೆಗಾಗಿ ಇರುವ ಸೌಲಭ್ಯ" ಎಂದರು. ಕರೆಂಟಿಲ್ಲದ ಹೊತ್ತಿನಲ್ಲಿ ಯಾರೋ ಬ್ಯಾಟರಿ ಬದಲಿಸಿ ಬೈಕಿನದನ್ನು ಜೋಡಿಸಿದ್ದರೆ, ಹಳೆಯ ಮೋಡಿನಲ್ಲೇ ಚಾರ್ಜು ಕೊಡುವುದು ಅಪಾಯವಂತೆ. ಒಪ್ಪೋಣ. ಆದರೆ ಕರೆಂಟು ಬಂದ ಮೇಲೆ ಹಿಂದಿನ ಮೋಡಿಗೆ ತಾನಾಗಿ ಮರಳುವ ಚಾರ್ಜರುಗಳೂ ಮಾರುಕಟ್ಟೆಯಲ್ಲಿವೆ. ಅವನ್ನು ಮಾಡಿದವರಿಗೆ ಸುರಕ್ಷತೆಯ ಚಿಂತೆ ಇಲ್ಲವೇ? ತಿಂಗಳುಗಟ್ಟಲೆ ಸಿಕ್ಕಿಸಿ ಮರೆತುಬಿಡಿ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ ಮೇಲೆ, ಮರೆಯುವ ಹಕ್ಕು ಕೊಂಡವರದ್ದಾಗಬೇಕು, ಯಂತ್ರದ್ದಲ್ಲ. ಆ ಮಳೆಗಾಲವೆಲ್ಲ ಪಕ್ಕದ ಮನೆಯ ಹುಡುಗನಿಗೆ ಬೆಂಗಳೂರಿನಿಂದ ಫೋನ್ ಮಾಡಿ, "ಯಾವ ದೀಪ ಉರಿಯುತ್ತಿದೆ ನೋಡು ಮಾರಾಯ" ಎಂದು ಕೇಳುವುದೇ ಆಯಿತು.

ಪರಿಹಾರ ಹೇಳಿದವರು ನಮ್ಮ ಎಲೆಕ್ಟ್ರೀಷಿಯನ್. ಪೋರ್ಟಿಕೋಗೆ ಇನ್ವರ್ಟರ್ ಲೈನ್ ಎಳೆದು ಒಂದು ಪ್ಲಗ್ ಕೊಟ್ಟರು. ಇನ್ವರ್ಟರ್ ಯುಪಿಎಸ್ ಮೋಡಿನಲ್ಲಿದ್ದರೆ ಬದಲಾವಣೆ ಎಷ್ಟು ಬೇಗ ಆಗುತ್ತದೆಂದರೆ ಚಾರ್ಜರಿಗೆ ಕರೆಂಟು ಹೋದದ್ದೇ ತಿಳಿಯುವುದಿಲ್ಲ. ಬ್ಯಾಟರಿ ತುಂಬಿದ ಮೇಲೆ ಅದು ಎಳೆಯುವುದೂ ಅತ್ಯಲ್ಪ, ಇನ್ವರ್ಟರಿಗೆ ಹೊರೆಯಲ್ಲ. ತಂತಿ, ಪೈಪು, ಕೂಲಿ ಸೇರಿ ಸಾವಿರದ ಚಿಲ್ಲರೆ. ಈಗ ಕಾರಿನ ದೊಡ್ಡ ಬ್ಯಾಟರಿ ಕೆಲಸ ಮಾಡಲೆಂದು ಚಿಕ್ಕ ಬ್ಯಾಟರಿ, ಚಿಕ್ಕದನ್ನು ಕಾಯಲು ಇನ್ವರ್ಟರಿನ ಬ್ಯಾಟರಿ, ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಲು ನಾನು. ಚಾರ್ಜರಿಗೆ ಎಷ್ಟಾಯಿತು ಎಂದು ಯಾರಾದರೂ ಕೇಳಿದರೆ ಈ ಖರ್ಚನ್ನೂ ಸೇರಿಸಿಯೇ ಹೇಳುತ್ತೇನೆ.

ಇಷ್ಟು ಬೈದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಪೆಟ್ಟಿಗೆಯಲ್ಲಿ ಬೈಕಿನ ಚಿತ್ರವಿರುವ ಒಂದು ಮೋಡಿದೆ, ಸುಮಾರು ಒಂದು ಆಂಪಿಯರಿನದು. ತೋಟದ ಬೆನ್ನ ಮೇಲಿನ ಸ್ಪ್ರೇಯರಿನಲ್ಲೂ 12 ವೋಲ್ಟಿನ, 8 ಆಂಪಿಯರ್ ಅವರಿನ ಸೀಸದ ಬ್ಯಾಟರಿಯೇ ಇರುವುದು. ಅದರ ಜೊತೆಗೆ ಬಂದ ಅಡಾಪ್ಟರ್ ಅದನ್ನು ಎಂದೂ ಪೂರ್ತಿ ತುಂಬುತ್ತಿರಲಿಲ್ಲ. ಎರಡು ಸಾಲು ಅಡಿಕೆ ಮುಗಿಯುವಷ್ಟರಲ್ಲಿ ಪಂಪು ಸುಸ್ತು. ಒಂದು ರಾತ್ರಿ ಈ ಚಾರ್ಜರಿಗೆ ಹಾಕಿ ನೋಡಿದೆ. ಮರುದಿನ ಕೆಲಸದವರು ಮಧ್ಯಾಹ್ನದ ಊಟಕ್ಕೆ ಬಂದಾಗಲೂ ಅದು ಓಡುತ್ತಿತ್ತು. ಈಗ ಕಾರಿಗಿಂತ ಸ್ಪ್ರೇಯರೇ ಹೆಚ್ಚು ಸಲ ಅದರ ಮುಂದೆ ಕೂರುತ್ತದೆ. ವಾಪಸು ಕಳಿಸುವ ಯೋಚನೆ ಅಲ್ಲಿಗೆ ನಿಂತಿತು.

ಯಾರಿಗೆ ಬೇಕು, ಯಾರಿಗೆ ಬೇಡ? ನಿತ್ಯ ಕಚೇರಿಗೆ ಕಾರಿನಲ್ಲಿ ಹೋಗಿ ಬರುವವರಿಗೆ ಖಂಡಿತ ಬೇಡ. ವಾರಕ್ಕೊಮ್ಮೆಯಾದರೂ ಮನೆಯಲ್ಲಿರುವವರು ಕಾರನ್ನು ಚಾಲೂ ಮಾಡಿ, ಪರದೆಯಲ್ಲಿ ರೆಡಿ ಎಂದು ಬಂದ ಮೇಲೆ ಅರ್ಧ ಮುಕ್ಕಾಲು ಗಂಟೆ ಬಿಟ್ಟರೆ ಕನ್ವರ್ಟರೇ ಕೆಲಸ ಮುಗಿಸುತ್ತದೆ, ಬಿಡಿಗಾಸಿನ ಖರ್ಚಿಲ್ಲ. ರೆಡಿಗೆ ತರದೆ, ಬರೀ ಹಾಡು, ಪರದೆಯಂಥವಷ್ಟೇ ನಡೆಯುವ ಆಕ್ಸೆಸರಿಯಲ್ಲಿಟ್ಟು ಹಾಡು ಕೇಳಿದರೆ ಮಾತ್ರ ಉಲ್ಟಾ ಆಗುತ್ತದೆ. ಮಲ್ಟಿಮೀಟರ್ ಎಲ್ಲರ ಬಳಿಯೂ ಇರಲಿ, ಕೆಲವೇ ನೂರು ರೂಪಾಯಿ. ರೆಡಿಯಲ್ಲಿದ್ದಾಗ ಸಾಮಾನ್ಯವಾಗಿ ಹದಿಮೂರೂವರೆಯಿಂದ ಹದಿನಾಲ್ಕೂವರೆ ವೋಲ್ಟು ತೋರಿಸಬೇಕು. 12ರ ಆಸುಪಾಸಿನಲ್ಲೇ ನಿಂತು ಇಳಿಯುತ್ತ ಹೋದರೆ ದೋಷ ಬ್ಯಾಟರಿಯದಲ್ಲ, ಅದನ್ನು ತುಂಬಿಸುವ ಸಾಧನದ್ದು. ಅಲ್ಲಿ ಯಾವ ಚಾರ್ಜರೂ ಬಹಳ ದಿನ ಕಾಯಲಾರದು. 2024ರಲ್ಲಿ ಹ್ಯುಂಡೈ ಕಂಪನಿ ಭಾರತದಲ್ಲಿ 1,744 ಐಯಾನಿಕ್ 5 ಕಾರುಗಳನ್ನು ತಪಾಸಣೆಗೆ ಹಿಂದಕ್ಕೆ ಕರೆದದ್ದು ಇಂಥದೇ ಸಾಧನಕ್ಕಾಗಿ.

ಕಲಬುರಗಿ, ರಾಯಚೂರಿನ ಕಡೆಯವರು ನನ್ನ ಲೆಕ್ಕ ಹಿಡಿಯಬೇಡಿ. ಉಷ್ಣತೆ 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಈ ವ್ಯಾಪಾರದಲ್ಲಿ ಎಲ್ಲರೂ ಬಲ್ಲ ಲೆಕ್ಕ. ನಿಮಗೆ ನೆರಳು ಮುಖ್ಯ, ನಮಗೆ ಒಣ ಟರ್ಮಿನಲ್ ಮುಖ್ಯ. ಕೆಲವು ಹೊಸ ಕಾರುಗಳಲ್ಲಿ ಚಿಕ್ಕ ಬ್ಯಾಟರಿಯೂ ಲಿಥಿಯಂದೇ. ಅಂಥವರು ಸೀಸಕ್ಕೆಂದು ಮಾಡಿದ ಚಾರ್ಜರನ್ನು ಹತ್ತಿರಕ್ಕೂ ತರಬಾರದು.

ಕೊಳ್ಳುವುದೇ ಆದರೆ ಅಂಗಡಿಯಲ್ಲೇ ಒಂದು ಬ್ಯಾಟರಿಗೆ ಜೋಡಿಸಿ, ಹಸಿರು ದೀಪ ಬಂದ ಮೇಲೆ ಗೋಡೆಯ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿಸಿ ನೋಡಿ. ಹಸಿರು ತಾನಾಗಿ ಮರಳದಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ ಎನ್ನಿ, ಮನೆಯಲ್ಲಿ ಇನ್ವರ್ಟರೋ ಸ್ಪ್ರೇಯರೋ ಇಲ್ಲದಿದ್ದರೆ.